ಟೊಪ್ಪಿಗೆ ರಾಜನ ರೂಪಾಯಿ

ರಬಕವಿ
೧೮ ಫೆಬ್ರುವರಿ ೨೦೨೫, ಮಂಗಳವಾರ

ಪ್ರೀತಿಯ ಅಕ್ಕಾ,

ನಿನ್ನ ತಮ್ಮ ಗೌರೀಶನ ನಮಸ್ಕಾರ. ನೀನು, ಹಾಲೇಶ ಮಾವ, ಪೂನಮ್ ಮೂವರೂ ಆರಾಮ ಇದ್ದೀರಿ ಎಂದು ತಿಳಿದುಕೊಂಡೇ ಬರೆಯುತ್ತಿದ್ದೇನೆ. ಕೇಳಿ ತಿಳಿಯೋಣವೆಂದರೆ ನೀನು ನನ್ನ ಫೋನು ಎತ್ತುವುದಿಲ್ಲ. ನಿನ್ನ ಮೊಣಕಾಲು ಈಗ ಹೇಗಿವೆ? ಗುಳಿಗೆ ತಗೊಳ್ಳುತ್ತಿದ್ದೀಯೋ, ಎಣ್ಣೆ ತಿಕ್ಕಿಕೊಂಡು ಸುಮ್ಮನಿದ್ದೀಯೋ? ನನಗೆ ಹೇಗೆ ಗೊತ್ತಾಯಿತು ಎಂದು ಪೂನಮ್‌ಳನ್ನು ಬೈಯಬೇಡ. ಕಳೆದ ತಿಂಗಳು ಜಮಖಂಡಿಯ ವಿಜ್ಞಾನ ಪ್ರದರ್ಶನಕ್ಕೆ ಕಾವ್ಯ ತನ್ನ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದಳು. ಗಲಗಲಿಯಿಂದ ಬಂದ ಹುಡುಗಿಯರಲ್ಲಿ ಒಬ್ಬಳ ಮೂಗು ನೋಡಿದ ಕೂಡಲೇ, ಇದು ನನ್ನ ಗಂಡನ ಮನೆಯ ಮೂಗು ಎಂದು ಹೋಗಿ ಮಾತಾಡಿಸಿದಳಂತೆ. "ನಮ್ಮವ್ವಗ ಮೊಣಕಾಲ ಭಾಳ ಹಿಡದಾವ್ರಿ, ಆದ್ರೂ ಮುಂಜಾನೆ ಕೂತು ಲಿಂಗಪೂಜಿ ಮಾಡೂದು ಬಿಡಂಗಿಲ್ರಿ" ಎಂದಳಂತೆ ನಿನ್ನ ಮಗಳು. ಕಾವ್ಯ ಮನೆಗೆ ಬಂದು ಇದನ್ನು ಹೇಳುವಾಗ ಅಪ್ಪ ಪಕ್ಕದಲ್ಲೇ ಕುಳಿತಿದ್ದರು. ದಿನಾ ಎರಡು ರೊಟ್ಟಿ ಉಣ್ಣುವವರು ಅವತ್ತು ಮೂರು ಉಂಡರು.

ಎರಡು ಬಸ್ಸು ಹಿಡಿದರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವ ಊರಿಗೆ ನಾನು ಅಂಚೆಯಲ್ಲಿ ಕಾಗದ ಬರೆಯುತ್ತಿದ್ದೇನೆ. ಎದುರಿಗೆ ನಿಂತು ಹೇಳುವ ಧೈರ್ಯ ಇಲ್ಲ, ಶಕ್ತಿಯೂ ಇಲ್ಲ. ದಣಿದಿದ್ದೇನೆ ಅಕ್ಕಾ. ನಾಲ್ಕು ಮಗ್ಗಗಳ ಸದ್ದಿನಲ್ಲಿ ಕಿವಿ ಅರ್ಧ ಹೋಗಿದೆ. ಕಾವ್ಯ ಒಂದು ಮಾತನ್ನು ಮೂರು ಸಲ ಹೇಳಬೇಕು. ಮೂರನೆಯ ಸಲ ಸಿಟ್ಟಿನಲ್ಲಿ ಹೇಳುವುದರಿಂದ ಅದೊಂದು ಸರಿಯಾಗಿ ಕೇಳಿಸುತ್ತದೆ. ಬೆಳಿಗ್ಗೆ ಎದ್ದರೆ ಅಪ್ಪನ ಸ್ನಾನ, ಅಪ್ಪನ ಇಂಜೆಕ್ಷನ್ನು, ಆಮೇಲೆ ಹರಿದ ನೂಲು, ಆಮೇಲೆ ಕೆಲಸಕ್ಕೆ ಬಾರದ ಆಳು. ಈಗ ಕರೆಂಟು ಹೋಗಿ ಮಗ್ಗ ನಿಂತಿವೆ, ಓಣಿಯೆಲ್ಲ ಸುಮ್ಮನಾಗಿದೆ. ಒಂದು ಗಳಿಗೆ ಅಡ್ಡಾಗಬೇಕಾದವನು ನಿನಗೆ ಬರೆಯಲು ಕುಳಿತಿದ್ದೇನೆ.

ಅಪ್ಪನ ಕಣ್ಣು ಹೋಗುತ್ತಿವೆ. ಸಕ್ಕರೆ ಕಾಯಿಲೆ ಮೊದಲು ಕಾಲಿಗೆ ಬಂತು, ಈಗ ಕಣ್ಣಿಗೆ. ಎಡಗಣ್ಣು ದಸರೆಯ ಹೊತ್ತಿಗೇ ಮುಗಿಯಿತು. ಬಲಗಣ್ಣಿಗೆ ಬಾಗಿಲ ಬೆಳಕು ಕಾಣುತ್ತದೆ, ಮನುಷ್ಯರು ಬಂದು ಹೋಗುವುದು ಕಾಣುತ್ತದೆ. ಮುಖ ಗುರುತಾಗಬೇಕಾದರೆ ಒಂದು ಗೇಣು ಹತ್ತಿರ ಬಾಗಬೇಕು. ಈ ಬೇಸಿಗೆ ದಾಟಿದರೆ ಅದೂ ಇರುವುದು ಕಷ್ಟ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಹೊರಗೆ ಕರೆದು ಹೇಳಿದ್ದು ಒಳಗೆ ಕುಳಿತ ಅಪ್ಪನಿಗೆ ಕೇಳಿಸಿತು, ಅವರ ಕಿವಿ ನನ್ನ ಕಿವಿಗಿಂತ ಛಲೋ ಇವೆ. ಬಸ್ಸಿನಲ್ಲಿ ಬರುವಾಗ ನಿನ್ನ ಹೆಸರು ಎತ್ತಿ, "ಗೌರೀ, ವೈಶಾಲಿಗೆ ಗದ್ದದ ಮ್ಯಾಲ ಒಂದು ಮಚ್ಚಿ ಇತ್ತಲ್ಲಾ, ಎಡಕ್ಕೋ ಬಲಕ್ಕೋ?" ಎಂದು ಕೇಳಿದರು. ಎಡಕ್ಕೆ ಎಂದೆ. ರಬಕವಿ ಮುಟ್ಟುವ ತನಕ ತಮ್ಮ ಗದ್ದದ ಎಡಕ್ಕೆ ಬೆರಳು ಇಟ್ಟುಕೊಂಡೇ ಕುಳಿತಿದ್ದರು.

ಕಣ್ಣು ಹೋದರೂ ನಾಣ್ಯದ ಪೆಟ್ಟಿಗೆ ಬಿಟ್ಟಿಲ್ಲ. ನೂಲಿನ ಕಂಡಿಕೆ ಇಡುತ್ತಿದ್ದ ಆ ಹಳೆಯ ಮರದ ಪೆಟ್ಟಿಗೆ ನಿನಗೆ ನೆನಪಿರಬೇಕು, ಒಳಗೆ ಸೀರೆಯ ತುಂಡು ಹಾಸಿ ಜರ್ಮನರ ಹಳೆಯ ನಾಣ್ಯಗಳಿಗೆ ಮೂವತ್ತಾರು ಮನೆ ಮಾಡಿದ್ದು. ದಿನಾ ಬೆಳಿಗ್ಗೆ ಹತ್ತಕ್ಕೆ ನಾನು ಅದನ್ನು ಅವರ ತೊಡೆಯ ಮೇಲೆ ಇಡಬೇಕು, ಎದುರಿಗೆ ಕುಳಿತು ಹ್ಞೂಂಗುಟ್ಟಬೇಕು. ಮೊದಲು ಪ್ರಷ್ಯಾದ ಐದು ಮಾರ್ಕು. ಹೆಬ್ಬೆರಳಿನಲ್ಲಿ ಅವರ ರಾಜ ಕೈಸರನ ಮೀಸೆ ಸವರುತ್ತಾರೆ, ಅಂಚು ತಿರುಗಿಸಿ ಅಲ್ಲಿ ಕೊರೆದ ಅಕ್ಷರ ಮುಟ್ಟುತ್ತಾರೆ. "ದೇವ್ರು ನಮ್ಮ ಸಂಗಾಟ ಅದಾನ ಅಂತ ಬರಸ್ಯಾನ ನೋಡು. ಅಷ್ಟ ಬರಸಿದಾವ ಕಡೀಕ ಗಾದಿ ಬಿಟ್ಟು ಓಡಿ ಹೋದ." ಆಮೇಲೆ ಬವೇರಿಯಾದ್ದು, ತಲೆ ಕೆಟ್ಟು ಮನೆಯಲ್ಲೇ ಕೂಡಿಹಾಕಿದ್ದ ಆಟೋ ರಾಜನದು. ಆಮೇಲೆ ಸ್ಯಾಕ್ಸನಿ, ಬಾಡೆನ್. ಹ್ಯಾಂಬರ್ಗಿನದು ಬಂದರೆ ಮುಖ ಅರಳುತ್ತದೆ, ಅದರಲ್ಲಿ ರಾಜನೇ ಇಲ್ಲ, ಬರೀ ಕೋಟೆ. "ರಾಜ ಇಲ್ಲದ ಊರು, ಬರೇ ವ್ಯಾಪಾರಸ್ಥರು, ನಮ್ಮ ರಬಕವಿ ಇದ್ದಂಗ." ನಾನೂ ನಗಬೇಕು. ನೂರು ಸಲ ಕೇಳಿದ್ದೇನೆ, ನೂರು ಸಲ ನಕ್ಕಿದ್ದೇನೆ. ಮೂವತ್ತೈದು ಮುಗಿದ ಮೇಲೆ ಹೆಬ್ಬೆರಳು ಮೂವತ್ತಾರನೆಯ ಮನೆಗೆ ಹೋಗುತ್ತದೆ. ಅದು ಖಾಲಿ. ಬಟ್ಟೆಯನ್ನು ಸ್ವಲ್ಪ ಹೊತ್ತು ಉಜ್ಜಿ, "ಮುಚ್ಚು" ಎನ್ನುತ್ತಾರೆ.

ಆ ಒಂದು ಮನೆಯ ದೆಸೆಯಿಂದ ನಮ್ಮ ಮನೆ ಹೀಗಾಯಿತು. ಒಮ್ಮೊಮ್ಮೆ ನನಗೆ ಅಪ್ಪನ ಅಜ್ಜ, ನಮ್ಮ ಮುತ್ಯಾನ ಮೇಲೆಯೇ ಸಿಟ್ಟು ಬರುತ್ತದೆ. ಮುಧೋಳದಲ್ಲಿ ಸುಮ್ಮನೆ ಹೊಲ ಮಾಡಿಕೊಂಡಿರದೆ ಹುಲೆಪ್ಪ ಮುತ್ಯಾ ಯಾಕೆ ಇಂಗ್ಲಿಷರ ಹೇಸರಗತ್ತೆ ಹೊಡೆದುಕೊಂಡು ಆಫ್ರಿಕಾದ ಯುದ್ಧಕ್ಕೆ ಹೋಗಬೇಕಿತ್ತು? ಹೋದವನು ಜೀವ ಉಳಿಸಿಕೊಂಡು ಬಂದದ್ದು ಸಾಲದೆ, ಆ ಜರ್ಮನರ ಸೀಮೆಯ ಒಂದು ಬೆಳ್ಳಿ ರೂಪಾಯಿ ಯಾಕೆ ತರಬೇಕಿತ್ತು? ಅಲ್ಲಿ ನಮ್ಮ ವ್ಯಾಪಾರಿಗಳ ರೂಪಾಯಿ ನಡೆಯುತ್ತಿತ್ತಂತೆ, ಅದಕ್ಕೇ ಜರ್ಮನರೂ ಅದೇ ಅಳತೆ, ಅದೇ ತೂಕದಲ್ಲಿ ತಮ್ಮ ರೂಪಾಯಿ ಹೊಡೆಸಿದರಂತೆ. ಅದರ ಮೇಲೆ ಕೈಸರ್, ತಲೆಗೆ ಉಕ್ಕಿನ ಟೊಪ್ಪಿಗೆ, ಟೊಪ್ಪಿಗೆಯ ಮೇಲೆ ರೆಕ್ಕೆ ಬಿಚ್ಚಿದ ಹದ್ದು. ಬೆಳ್ಳಿ ಖರೆಯೋ ಸುಳ್ಳೋ ಎಂದು ಬಂದರಿನ ಶರಾಫ ಒಬ್ಬ ರಾಜನ ಕುತ್ತಿಗೆಗೇ ಉಳಿ ಹೊಡೆದು ನೋಡಿದ್ದನಂತೆ. ಸಣ್ಣವನಿದ್ದಾಗ ಆ ಗೀರಿನಲ್ಲಿ ಉಗುರು ಸಿಕ್ಕಿಸಿ ಆಡುತ್ತಿದ್ದೆ ಎಂದು ಅಪ್ಪ ಈಗಲೂ ಹೇಳುತ್ತಾರೆ. ಮುತ್ಯಾ ತೀರಿದ ಮೇಲೆ ಅವನ ಸೊಸೆ, ಅಪ್ಪನ ತಾಯಿ, ನಮ್ಮ ಆಯಿ ಅದನ್ನು ಹಳದಿ ಬಟ್ಟೆಯಲ್ಲಿ ಹಾಕಿ, ಸುತ್ತಲೂ ಹೊಲಿದು, ಹಿರಿಯರ ಗಂಟು ಎಂದು ದೇವರ ಜಗಲಿಯ ಮೇಲೆ ಇಟ್ಟಳು. ದೀಪಾವಳಿ ಅಮಾವಾಸ್ಯೆಗೆ ಅರಿಷಿಣ ಕುಂಕುಮ ಏರಿಸಬೇಕು, ಬಿಚ್ಚಬಾರದು. "ಗಂಟ ಬಿಚ್ಚಿದ್ರ ಹಿರ್ಯಾರು ಮನಿ ಬಿಟ್ಟ ಹೋಗ್ತಾರ" ಎಂದು ಗುರುಬಾಯಿ ಆಯಿ ಹೇಳಿದರೆ ಆಯಿತು, ಅವಳ ಮಗ ಶಂಕರೆಪ್ಪನಿಗೂ ಎದುರಾಡುವ ಎದೆ ಇರಲಿಲ್ಲ. ನೋಡಲಾಗದ ಆ ಒಂದರ ಹಂಬಲಕ್ಕೆ ಅಪ್ಪ ಸೀರೆ ಗಂಟು ಹೊತ್ತು ಪುಣೆ, ಮುಂಬೈ, ಸೊಲ್ಲಾಪುರ ತಿರುಗುವಾಗ ಹಳೇ ಬಜಾರುಗಳಲ್ಲಿ ಹುಡುಕಿ ಹುಡುಕಿ ಮೂವತ್ತೈದು ಕೂಡಿಸಿದರು. ಅದಕ್ಕೆಂದು ಒಂದು ಮನೆ ಮಾತ್ರ ಕೊನೆಗೆ ಖಾಲಿ ಇಟ್ಟರು.

ನೀನು ಹಾಲೇಶ ಮಾವನ ಸಂಗಡ ಹೋದದ್ದು ಆಯಿ ತೀರಿದ ಐದು ವರ್ಷಕ್ಕೆ. ಬೆಳಗಾವಿಯ ನಾಣ್ಯ ಪ್ರದರ್ಶನ ಬಂದದ್ದು ನೀನು ಹೋದ ಹದಿಮೂರನೆಯ ದಿನಕ್ಕೆ. ನೀನು ಹೋದ ಸಂಕಟಕ್ಕೋ ಏನೋ, ಹಿರಿಯರು ಹೋದರೆ ಹೋಗಲಿ, ಅಲ್ಲಿ ಮೂವತ್ತಾರೂ ಇಡುತ್ತೇನೆ ಎಂದು ಅಪ್ಪ ಗಂಟಿನ ಹೊಲಿಗೆ ಕತ್ತರಿಸಿದರು. ಒಳಗೆ ಇದ್ದದ್ದು ನಮ್ಮದೇ ಹಳೆಯ ರೂಪಾಯಿ, ಕಿರೀಟದ ಜಾರ್ಜ್ ರಾಜನದು. ಟೊಪ್ಪಿಗೆಯವನು ಇಲ್ಲ.

ಇಲ್ಲಿಯ ತನಕ ನಿನಗೆ ಗೊತ್ತಿರುವುದೇ. ಗೊತ್ತಿಲ್ಲದ್ದನ್ನು ಈಗ ಬರೆಯುತ್ತೇನೆ, ಹತ್ತೊಂಬತ್ತು ವರ್ಷ ನುಂಗಿಕೊಂಡದ್ದು. ನೀನು ಹೋದ ದಿನ ನಸುಕಿನಲ್ಲಿ ನನಗೆ ಎಚ್ಚರವಾಗಿತ್ತು. ನೀನು ಜಗಲಿಯ ಮುಂದೆ ನಿಂತಿದ್ದೆ. ಹಿರಿಯರ ಗಂಟನ್ನು ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡು, ಇಟ್ಟ ಜಾಗದಲ್ಲೇ ಇಟ್ಟು ಹೋದೆ. ಅಪ್ಪ ಆ ರೂಪಾಯಿ ಹಿಡಿದು, "ಈ ಗಂಟ ಯಾರ ಮುಟ್ಟಿದ್ರು?" ಎಂದು ಕೂಗಿದಾಗ ನಾನು ಇಪ್ಪತ್ತರ ಹುಡುಗ, ಹೆದರಿ, "ಅಕ್ಕ ಮುಟ್ಟಿದ್ಲು" ಎಂದುಬಿಟ್ಟೆ. ಕಣ್ಣಿಗೆ ಒತ್ತಿಕೊಂಡಳು, ತಿರುಗಿ ಇಟ್ಟಳು ಎಂಬ ಉಳಿದರ್ಧ ಬಾಯಿಂದ ಬರಲಿಲ್ಲ. ಆ ಅರ್ಧ ಮಾತಿನ ಮೇಲೆಯೇ, ಬಿಚ್ಚಿ ಬದಲಿಸಿ ತಿರುಗಿ ಹೊಲಿದಿದ್ದಾಳೆ ಎಂದು ಅಪ್ಪ ನಿನ್ನನ್ನು ಕಳ್ಳಿ ಎಂದರು. ಆಮೇಲೆ ಹೇಳೋಣ ಎಂದುಕೊಂಡೆ. ಆಮೇಲೆ ಎನ್ನುವುದು ಬರಲೇ ಇಲ್ಲ. ಹೊರಗಿನ ಯಾರನ್ನಾದರೂ ಕೇಳಿ ವಿಚಾರಿಸೋಣವೆಂದರೆ ಮನೆಯ ಮಾತು ಹೊರಗೆ ಹೋಗಬಾರದು ಎಂದು ಅಪ್ಪನ ಆಣೆ.

ಆ ಮಾತನ್ನು ಗಲಗಲಿಗೆ ಹೊತ್ತುಕೊಂಡು ಬಂದವನೂ ನಾನೇ. ನಿಮ್ಮ ಅಂಗಳದಲ್ಲಿ ಕುರಿಗಳು ಮಲಗಿದ್ದವು. "ತಗೊಂಡದ್ದು ಕೊಟ್ಟ ಕಳಸು ಅಂತಾರ ಅಪ್ಪ" ಎಂದು ನಾನು ನೆಲ ನೋಡಿ ಹೇಳಿದೆ. ನೀನು ಒಳಗೆ ಹೋಗಿ ಚೀಲ ತಂದು ನನ್ನ ಕಾಲ ಹತ್ತಿರ ಸುರಿದೆ. ಒಂದೊಂದೇ ಸೀರೆ ಝಾಡಿಸಿ ತೋರಿಸಿದೆ. ಕಡೆಗೆ ಕೊರಳಿಗೆ ಕೈ ಹಾಕಿ ಲಿಂಗ ಇಟ್ಟ ಬೆಳ್ಳಿ ಕರಡಿಗೆ ಹಿಡಿದು, "ಆ ಮನಿ ಬೆಳ್ಳಿ ಇದೊಂದ ಐತಿ ನನ್ನ ಹತ್ರ. ನಾ ಹುಟ್ಟಿದಾಗ ಆಯಿ ಕಟ್ಟಿದ್ದು. ಇದನ್ನೂ ಬಿಚ್ಚಿ ಕೊಡ್ಲೇನೋ ತಮ್ಮಾ?" ಎಂದೆ. ಬ್ಯಾಡ ಅಕ್ಕಾ ಎಂದು ಕೈ ಮುಗಿದು ಓಡಿ ಬಂದೆ. ಕದ್ದಿಲ್ಲ ಎಂಬ ಮಾತು ಅಪ್ಪನ ಬಾಯಿಂದಲೇ ಬರುವ ತನಕ ಆ ಹೊಸ್ತಿಲು ತುಳಿಯಲಾರೆ ಎಂದು ನೀನು ಹಿಂದಿನಿಂದ ಕೂಗಿ ಹೇಳಿದ್ದು ಈ ಅರ್ಧ ಕಿವಿಗೂ ಇನ್ನೂ ಕೇಳಿಸುತ್ತದೆ.

ಹತ್ತೊಂಬತ್ತು ವರ್ಷದಲ್ಲಿ ಅಪ್ಪ ಬಹಳ ಇಳಿದಿದ್ದಾರೆ. ಲಿಂಗ ಕಟ್ಟಿದವಳು ಕುರಿ ಕಾಯುವವರ ಮನೆ ಸೇರಿದಳೆಂಬ ಮದುವೆಯ ಸಿಟ್ಟು ಎಂದೋ ಹೋಗಿದೆ. "ಬೀರಪ್ಪನ ಒಕ್ಕಲದವರು ನಮಗಿಂತ ಖರೆ ಮಂದಿ" ಎಂದು ಈಗ ಅವರೇ ಹೇಳುತ್ತಾರೆ. ಪೂನಮ್ ಎಷ್ಟನೆಯ ಇಯತ್ತೆ ಎಂದು ಕಾವ್ಯಳನ್ನು ಕೇಳುತ್ತಾರೆ. "ಒಯ್ದಿದ್ರ ಒಯ್ಲಿ ಬಿಡು, ಮುತ್ಯಾ ಆಕಿಗೂ ಮುತ್ಯಾನ ಅಲ್ಲೇನು" ಎನ್ನುವ ತನಕ ಬಂದಿದ್ದಾರೆ. ಆದರೆ ಒಯ್ದಿಲ್ಲ ಎಂಬ ಮಾತಿಗೆ ಬರುತ್ತಿಲ್ಲ. ನಿನಗೆ ಬೇಕಾದದ್ದು ಕ್ಷಮೆ ಅಲ್ಲ ಎಂದು ನನಗೆ ಗೊತ್ತು. ಅವರು ಕೊಡುವುದು ಬೇರೆ, ನೀನು ಕೇಳುವುದು ಬೇರೆ, ನಡುವೆ ಓಡಾಡಿ ನಾನು ಸವೆದಿದ್ದೇನೆ.

ಕಡೆಗೆ ಹೋದ ತಿಂಗಳು ಒಂದು ಮೋಸ ಮಾಡಲು ಹೋದೆ. ಮೊಬೈಲಿನಲ್ಲಿ ಹುಡುಕಿ, ಪುಣೆಯ ಒಬ್ಬರಿಂದ ಅಂಥದೇ ಆಫ್ರಿಕಾದ ರೂಪಾಯಿ ತರಿಸಿದೆ. ಅದೇ ರಾಜ, ಅದೇ ಟೊಪ್ಪಿಗೆ, ಅದೇ ಹದ್ದು. ಮೂವತ್ತಾರನೆಯ ಮನೆಯಲ್ಲಿ ಇಟ್ಟು, ಹಳೆಯ ಟ್ರಂಕಿನ ತಳದಲ್ಲಿ ಸಿಕ್ಕಿತು, ಅಕ್ಕ ಒಯ್ದಿರಲಿಲ್ಲ ನೋಡು ಎಂದು ಹೇಳುವ ಯೋಚನೆ. ಹೆಬ್ಬೆರಳು ಅಲ್ಲಿಗೆ ಬಂದಾಗ ಅಪ್ಪ ನೆಟ್ಟಗೆ ಕುಳಿತರು. ಟೊಪ್ಪಿಗೆ ಸವರಿದರು, ಹದ್ದು ಸವರಿದರು, ಕಣ್ಣಲ್ಲಿ ನೀರು ಬಂತು. ನನಗೂ ಬಂತು. ಆಮೇಲೆ ಬೆರಳು ಕೆಳಗಿಳಿಯಿತು. "ಇವನ ಕುತ್ತಿಗಿ ನುಣ್ಣಗ ಐತಲ್ಲೋ" ಎಂದು ನಾಣ್ಯ ತೆಗೆದು ನನ್ನ ಕೈಯಲ್ಲಿಟ್ಟರು. ಬೈಯಲಿಲ್ಲ. ಬೈದಿದ್ದರೆ ಛಲೋ ಇತ್ತು. "ನಾ ಕುರುಡ ಆಗೇನಿ ಅಂತ ನಿನಗೂ ಹೊಳೀತಾ" ಎಂದರು, ಅಷ್ಟೇ. ಆ ಗೀರನ್ನು ನಾನು ಮರೆತಿದ್ದೆ. ಅವತ್ತಿನಿಂದ ನನ್ನ ಮಾತು ನಂಬುವುದಿಲ್ಲ.

ಇನ್ನು ನನ್ನ ಬುದ್ಧಿ ಮುಗಿಯಿತು ಅಕ್ಕಾ. ಕೇಳಿಕೊಳ್ಳುವುದು ಇಷ್ಟೇ. ಹಟ ಯಾರದು ಸರಿ ಎಂದು ನೋಡುತ್ತ ಕುಳಿತರೆ ಬೇಸಿಗೆ ದಾಟುತ್ತದೆ. ಅವರಿಗೆ ಕಾಣುವಷ್ಟರಲ್ಲಿ ಒಮ್ಮೆ ಬಂದು ಹೋಗು. ಬಂದರೆ ಅವರು ಏನು ಹೇಳುತ್ತಾರೋ ನಾನು ಹೊಣೆ ಹೊರಲಾರೆ. ಆದರೆ ಅರ್ಧ ನುಂಗಿದ ಮಾತನ್ನು ನಿನ್ನ ಎದುರಿಗೆ ಪೂರ್ತಿ ಹೇಳುತ್ತೇನೆ, ನನ್ನನ್ನು ಏನು ಬೇಕಾದರೂ ಮಾಡಿ. ನಾಳೆಯದು ಬಿಟ್ಟು ಮುಂದಿನ ಬುಧವಾರ ಶಿವರಾತ್ರಿ. ಮೊನ್ನೆ ಸ್ನಾನದ ಮನೆಯಲ್ಲಿ ಅಪ್ಪನ ಕರಡಿಗೆ ಬಿದ್ದು ಮುಚ್ಚಳ ಜಜ್ಜಿ ಹೋಗಿದೆ, ಶಿವರಾತ್ರಿಯೊಳಗೆ ಸರಿ ಮಾಡಿಸು ಎಂದು ಜೀವ ತಿನ್ನುತ್ತಿದ್ದಾರೆ. ಆಯಿಯ ಕಾಲದಿಂದ ನಮ್ಮ ಬೆಳ್ಳಿ ಕೆಲಸ ಮಾಡಿದ ಶಿವಯೋಗೆಪ್ಪ ಪತ್ತಾರರು ಈಗ ಮುಧೋಳದಲ್ಲಿ ಮಗನ ಹತ್ತಿರ ಇದ್ದಾರೆ, ಬೇರೆಯವರ ಕೈಗೆ ಕೊಡಬಾರದಂತೆ. ಕರೆಂಟು ಬಂತು, ಮಗ್ಗ ಶುರುವಾದವು. ಅವುಗಳನ್ನು ಆಳಿಗೆ ಒಪ್ಪಿಸಿ ಎರಡರ ಬಸ್ಸಿಗೆ ಮುಧೋಳಕ್ಕೆ ಹೋಗುತ್ತೇನೆ, ಕಾಗದ ಅಲ್ಲೇ ಡಬ್ಬಿಗೆ ಹಾಕುತ್ತೇನೆ.

ಮಾವನಿಗೆ ನನ್ನ ಶರಣು, ಕುರಿಗಳಿಗೂ ಸೇರಿಸಿ. ಪೂನಮ್‌ಗೆ ಈ ಸೋದರಮಾವನ ಆಶೀರ್ವಾದ, ಚೆನ್ನಾಗಿ ಓದಲಿ, ಮೂಗು ಹಾಗೇ ಇರಲಿ. ಕಾವ್ಯ ನಿನಗೆ ನಮಸ್ಕಾರ ತಿಳಿಸಿದ್ದಾಳೆ, ಮೊಣಕಾಲಿಗೆ ಬಿಸಿ ಉಪ್ಪಿನ ಕಾವು ಕೊಟ್ಟುಕೊಳ್ಳಬೇಕಂತೆ.

ನಿನ್ನ ತಪ್ಪಿತಸ್ಥ ತಮ್ಮ,
ಗೌರೀಶ

ತಾ. ಕ.: ಮುಧೋಳ ಬಸ್ ಸ್ಟ್ಯಾಂಡಿನಲ್ಲಿ ನಿಂತು ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿವೆ, ಕೂಡಿಸಿಕೊಂಡು ಓದು. ಶಿವಯೋಗೆಪ್ಪ ಅಪ್ಪನ ಕರಡಿಗೆ ತಿರುವಿ ನೋಡುತ್ತ, "ನಿಮ್ಮಕ್ಕಾರ ಸಣ್ಣ ಕರಡಿಗಿ ಹ್ಯಾಂಗೈತ್ರಿ? ತಳ ಗಟ್ಟಿ ಐತೇನು?" ಎಂದರು. ಗಟ್ಟಿ ಯಾಕಿರಬಾರದು ಎಂದೆ. ಅವರು ನಗುತ್ತ ಹೇಳಿದ್ದು ಹೇಳಿದಂತೆ ಬರೆಯುತ್ತೇನೆ. "ಅದರ ತಳ ತಗಡು ಅಲ್ರಿ, ಇಡೀ ರೂಪಾಯಿ. ನಿಮ್ಮ ಆಯಿ ತಂದ ಕೊಟ್ಟಿದ್ಲು. ಕರಗಸಬ್ಯಾಡೋ, ನಮ್ಮ ಮಾವ ದರ್ಯಾ ದಾಟಿ ತಂದ ರೊಕ್ಕ, ಮನಿ ಮೊದಲನೇ ಕೂಸಿನ ಎದಿ ಮ್ಯಾಲ ಇರಲಿ ಅಂದ್ಲು. ಟೊಪ್ಪಿಗಿ ರಾಜ, ಟೊಪ್ಪಿಗಿ ಮ್ಯಾಲ ಹಕ್ಕಿ. ಹೊರಮೈ ಅಷ್ಟ ತಿಕ್ಕಿ ಹೂ ಕೊರದೆ. ಶಿವನ ಮಗ್ಗಲ ಪರದೇಶಿ ರಾಜ ಕಾಣಬಾರದು ಅಂತ ಒಳಗ ಅರಗ ಹಾಕಿ ಮುಚ್ಚಿಸಿದ್ಲು. ಗಂಟ ಖಾಲಿ ಉಳೀಬಾರದು ಅಂತ ನನ್ನ ಕಡೆನ ಒಂದ ಕಿರೀಟದ ರೂಪಾಯಿ ಇಸಗೊಂಡ ಹೋದ್ಲು. ನಿಮ್ಮಪ್ಪಗ ಹೇಳಬ್ಯಾಡ, ಬಿಚ್ಚಿಸ್ತಾನ ಅಂದಿದ್ಲು." ನಾನು ಅಲ್ಲೇ ಅಂಗಡಿಯ ಕಟ್ಟೆಯ ಮೇಲೆ ಕುಳಿತುಬಿಟ್ಟೆ, ಆ ಮುದುಕರು ನೀರು ಕೊಟ್ಟರು.

ಅಕ್ಕಾ, ಅಪ್ಪ ಹೇಳಿದ್ದೂ ಖರೆ, ನೀನು ಹೇಳಿದ್ದೂ ಖರೆ. ಮುತ್ಯಾನ ರೂಪಾಯಿ ಒಯ್ದವಳು ನೀನೇ, ಕದ್ದಿಲ್ಲದವಳೂ ನೀನೇ. ಅವತ್ತು ನಿಮ್ಮ ಅಂಗಳದಲ್ಲಿ ಅದನ್ನು ಬಿಚ್ಚಿ ನನ್ನ ಕೈಗೆ ಕೊಡಲು ಬಂದಿದ್ದೆ, ನಾನೇ ಬೇಡವೆಂದು ಓಡಿ ಬಂದೆ. ಈ ಕಾಗದ ಮುಟ್ಟಿದ ಮರುದಿನ ಪೂಜೆಗೆ ಕುಳಿತಾಗ ಲಿಂಗವನ್ನು ಅಂಗೈಗೆ ತಗೊಂಡು, ತಳದ ಅರಗನ್ನು ಸಾವಕಾಶ ಕೆದರಿ ನೋಡು. ರಾಜನ ಕುತ್ತಿಗೆಯ ಮೇಲೆ ಗೀರು ಇರಬೇಕು. ನಾನು ಅಪ್ಪನಿಗೆ ಹೇಳುವುದಿಲ್ಲ. ನನ್ನ ಮಾತು ಅವರು ನಂಬುವುದೂ ಇಲ್ಲ, ಅವರ ಹೆಬ್ಬೆರಳು ನಂಬಿದರೆ ಸಾಕು. ಕದ್ದಿಲ್ಲ ಎಂಬ ಮಾತು ಆಗ ಅವರ ಬಾಯಿಂದ ತಾನೇ ಬರುತ್ತದೆ. ನೀನು ಬಾ. ಬಿಚ್ಚಿ ಕೊಡಬೇಡ, ಕೊರಳಲ್ಲೇ ಇಟ್ಟುಕೊಂಡು, ಮುಚ್ಚಳ ತೆರೆದು ಅವರ ಮುಂದೆ ಬಾಗು. ಅಷ್ಟು ಹತ್ತಿರ ಬಂದರೆ ನಿನ್ನ ಮುಖವೂ ಅವರಿಗೆ ಕಾಣುತ್ತದೆ.